ನಗರಸಭೆಯ ನಿಜವಾದ ಸಾಲ ಎಷ್ಟು? ಬಜೆಟ್ ಪುಸ್ತಕದಲ್ಲಿ ಕಾಣದ ಹೊರೆಯ ಲೆಕ್ಕ

ಬಸವನಹಳ್ಳಿ ಓದುಗ

ಚಿಕ್ಕಮಗಳೂರಿನದ್ದಿರಲಿ, ಪಕ್ಕದ ಯಾವುದೇ ಊರಿನದ್ದಿರಲಿ, ನಗರಸಭೆ ಬಜೆಟ್ ಮಂಡನೆಯಾದ ಮಾರನೇ ದಿನ ಪತ್ರಿಕೆಯಲ್ಲಿ ಬರೋದು ಒಂದೇ ಸಾಲು: ಇಷ್ಟು ಲಕ್ಷದ ಉಳಿತಾಯ ಬಜೆಟ್. ಸಾಲ ಎಷ್ಟು, ಕೊಡಬೇಕಾದ ಬಿಲ್ ಎಷ್ಟು ಅನ್ನೋದು ಅದರಲ್ಲಿ ಇರೋದಿಲ್ಲ. ಅಮೆರಿಕದ ನಗರಗಳ ಬಗ್ಗೆ 'ಒಬ್ಬ ತೆರಿಗೆದಾರನ ತಲೆ ಮೇಲೆ ಇಷ್ಟು ಡಾಲರ್ ಹೊರೆ' ಅಂತ ವರ್ಷಾವರ್ಷ ಲೆಕ್ಕ ತೆಗೆಯುತ್ತಾರೆ. 35 ವಾರ್ಡಿನ ನಮ್ಮಂಥ ಊರಿಗೆ ಆ ಲೆಕ್ಕ ಹಾಕೋಕೆ ಆಗುತ್ತಾ? ಯಾವ ಕಾಗದ ಬೇಕು, ಎಲ್ಲಿ ಸಿಗುತ್ತೆ? ತಿಳಿದವರು ಹಂತ ಹಂತವಾಗಿ ಹೇಳಿದರೆ ವಾರ್ಡಿನ ಜನರ ಮುಂದೆ ಇಡಬಹುದು.

ಜಮಾಖರ್ಚು

ಖಂಡಿತ ಆಗುತ್ತೆ ಸರ್. ಆದರೆ ಮೊದಲು ಬಜೆಟ್ ಪುಸ್ತಕ ಪಕ್ಕಕ್ಕಿಡಿ. ಬಜೆಟ್ ಅಂದರೆ ನಗದಿನ ಅಂದಾಜು. ಆರಂಭಿಕ ಶಿಲ್ಕಿಗೆ ಈ ವರ್ಷದ ಜಮೆ ಸೇರಿಸಿ, ಖರ್ಚು ಕಳೆದರೆ ಉಳಿಯೋದನ್ನೇ 'ಉಳಿತಾಯ' ಅಂತಾರೆ. ಗುತ್ತಿಗೆದಾರರ ಬಿಲ್ ಮಾರ್ಚ್ 31ರೊಳಗೆ ಪಾಸಾಗದೆ ಕಪಾಟಿನಲ್ಲೇ ಉಳಿದರೆ ಆ ಹಣ ಖರ್ಚಿನ ಕಲಮಿಗೆ ಬರೋದೇ ಇಲ್ಲ, ಹಾಗಾಗಿ ಉಳಿತಾಯ ಅಷ್ಟು ಹೆಚ್ಚಿ ಕಾಣುತ್ತೆ. ಕರೆಂಟ್ ಬಿಲ್ ಕಟ್ಟದಿದ್ದರೂ ಇದೇ ಕತೆ. ಬಿಲ್ ಕಟ್ಟದಿದ್ದಷ್ಟೂ ಪುಸ್ತಕ ಚೆನ್ನಾಗಿ ಕಾಣುವಂಥ ಲೆಕ್ಕ ಅದು, ಸಾಲ ತಿಳಿಯೋಕೆ ಅದರಿಂದ ಪ್ರಯೋಜನವಿಲ್ಲ.

ನಿಮಗೆ ಬೇಕಾದ ಕಾಗದ ಆಸ್ತಿ-ಹೊಣೆ ತಃಖ್ತೆ, ಅಂದರೆ ಬ್ಯಾಲೆನ್ಸ್ ಶೀಟ್, ಅದರ ಅನುಸೂಚಿಗಳ ಸಮೇತ. ಕರ್ನಾಟಕದ ನಗರಸಭೆಗಳಿಗೆ 2006ರ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳ ಪ್ರಕಾರ ಜೋಡಿ ನಮೂದಿನ ಲೆಕ್ಕ (ಡಬಲ್ ಎಂಟ್ರಿ) ಕಡ್ಡಾಯ. 15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಯ ಅನುದಾನಕ್ಕೆ ಲೆಕ್ಕಪತ್ರವನ್ನು ಸಾರ್ವಜನಿಕವಾಗಿ ಆನ್‌ಲೈನ್‌ನಲ್ಲಿ ಹಾಕಲೇಬೇಕು ಅಂತ ಷರತ್ತು ಹಾಕಿತು. ಅದರಿಂದಾಗಿ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಸಿಟಿಫೈನಾನ್ಸ್ ಜಾಲತಾಣದಲ್ಲಿ ಊರಿನ ಹೆಸರು ಆರಿಸಿದರೆ ತಃಖ್ತೆ ತೆರೆಯುತ್ತೆ.

ಆ ನಮೂನೆ ರಾಷ್ಟ್ರೀಯ ಪುರಸಭಾ ಲೆಕ್ಕಪತ್ರ ಕೈಪಿಡಿಯ ಸಂಕೇತ ಸಂಖ್ಯೆಗಳ ಮೇಲೆ ನಿಂತಿದೆ. ಹೊಣೆಯ ಕಡೆ 330 ಭದ್ರತೆ ಇಟ್ಟ ಸಾಲ, 331 ಭದ್ರತೆ ಇಲ್ಲದ ಸಾಲ, 340 ಪಡೆದ ಠೇವಣಿ, 350 ಇತರ ಹೊಣೆ, 360 ಅವಕಾಶ ನಿಧಿ (ಮುಂದೆ ಕೊಡಬೇಕಾಗುವ ಖರ್ಚಿಗೆ ಅಂದಾಜು ಮಾಡಿ ತೋರಿಸಿದ ಮೊತ್ತ). ಬಹುತೇಕರು 330, 331 ನೋಡಿ 'ಸಾಲ ಕಡಿಮೆ ಇದೆ' ಅಂತ ನಿಟ್ಟುಸಿರು ಬಿಡುತ್ತಾರೆ. ನಮ್ಮ ರಾಜ್ಯದ ಸಣ್ಣ ನಗರಗಳ ಹೊರೆ ಹೆಚ್ಚಾಗಿ ಅಲ್ಲಿರಲ್ಲ, 350ರಲ್ಲಿರುತ್ತೆ. ಕಟ್ಟದ ಕರೆಂಟ್ ಬಿಲ್, ಗುತ್ತಿಗೆದಾರರ ಬಾಕಿ, ಹಿಡಿದಿಟ್ಟು ರವಾನೆ ಮಾಡದ ಕರ, ಭವಿಷ್ಯ ನಿಧಿ, ಜಿಎಸ್‌ಟಿ, ಎಲ್ಲ ಅಲ್ಲೇ.

ಆಸ್ತಿಯ ಕಡೆ 410 ಸ್ಥಿರ ಆಸ್ತಿ (ರಸ್ತೆ, ಚರಂಡಿ, ಕಟ್ಟಡ). ಇದನ್ನು ಸಂಪೂರ್ಣ ಬಿಡಿ. ಎಂ.ಜಿ. ರಸ್ತೆ ಮಾರಿ ವಿದ್ಯುತ್ ಕಂಪನಿ ಮೆಸ್ಕಾಂನ ಬಿಲ್ ಕಟ್ಟೋಕಾಗಲ್ಲ. ತೆಗೆದುಕೊಳ್ಳಬೇಕಾದ್ದು 420 ಹೂಡಿಕೆ, 431 ಬರಬೇಕಾದ ಬಾಕಿ (432ರಲ್ಲಿ ತೋರಿಸಿದ ಸಂಶಯಾಸ್ಪದ ಬಾಕಿ ಕಳೆದು), 450 ನಗದು ಮತ್ತು ಬ್ಯಾಂಕ್. ಹೆಚ್ಚಿನವರು ಎಡವೋದು ಈ 450ರಲ್ಲೇ. ಬ್ಯಾಂಕಿನಲ್ಲಿ ಕಾಣುವ ದುಡ್ಡಿನ ದೊಡ್ಡ ಪಾಲು 311 ಮೀಸಲು ನಿಧಿ ಮತ್ತು 320 ಬಳಕೆಯಾಗದ ಅನುದಾನಕ್ಕೆ ಸೇರಿದ್ದು. ಕುಡಿಯುವ ನೀರಿಗೆ ಅಂತ ಬಂದ ಅನುದಾನದಿಂದ ಸಂಬಳ ಕೊಡುವಂತಿಲ್ಲ. ಅದನ್ನು ಕಳೆದೇ ಲೆಕ್ಕಕ್ಕೆ ತಗೋಬೇಕು.

ಒಂದು ಮಾದರಿ ಮಾಡಿ ತೋರಿಸ್ತೀನಿ. ಅಂಕಿಗಳು ವಿಧಾನ ತೋರಿಸೋಕೆ ನಾನೇ ಹಾಕಿದ್ದು, ಯಾವ ಊರಿನದ್ದೂ ಅಲ್ಲ.

ಬ್ಯಾಂಕಿನಲ್ಲಿ 38 ಕೋಟಿ. ಅದರಲ್ಲಿ ಅನುದಾನ, ಮೀಸಲು 29 ಕೋಟಿ. ಉಳಿದದ್ದು 9.
ಬರಬೇಕಾದ ಬಾಕಿ 24 ಕೋಟಿ, ಸಂಶಯಾಸ್ಪದ 11. ಉಳಿದದ್ದು 13.
ಹೂಡಿಕೆ 2. ಒಟ್ಟು ಕೈಗೆಟಕುವುದು 24 ಕೋಟಿ.
ಹೊಣೆ: ಸಾಲ 6, ಠೇವಣಿ 7, ಇತರ ಹೊಣೆ 31, ಅವಕಾಶ ನಿಧಿ 2. ಒಟ್ಟು 46 ಕೋಟಿ.
ಕೊರತೆ 22 ಕೋಟಿ.

ತೆರಿಗೆ ಪಟ್ಟಿಯಲ್ಲಿ 40,000 ಸ್ವತ್ತು ಇದ್ದರೆ ಒಂದೊಂದರ ಮೇಲೆ 5,500 ರೂ. ಬರೀ ಸಾಲ ನೋಡಿದವರಿಗೆ ಕಂಡಿರೋದು 1,500 ರೂ. ಮಾತ್ರ.

ಬಸವನಹಳ್ಳಿ ಓದುಗ

ಬಹಳ ಸ್ಪಷ್ಟವಾಯ್ತು ಸರ್. ಅಮೆರಿಕದ ಲೆಕ್ಕವೂ ಹೀಗೇನಾ? ಮತ್ತೆ ಪಿಂಚಣಿ ಎಲ್ಲಿ ಹೋಯ್ತು? ಅಲ್ಲಿ ನಗರಗಳು ಮುಳುಗಿದ್ದು ಪಿಂಚಣಿಯಿಂದ ಅಂತ ಕೇಳಿದ್ದೆ.

ಜಮಾಖರ್ಚು

ಹೌದು, ಬುನಾದಿ ಒಂದೇ. ಟ್ರೂತ್ ಇನ್ ಅಕೌಂಟಿಂಗ್ ಅನ್ನೋ ಸಂಸ್ಥೆ ಅಲ್ಲಿನ 75 ದೊಡ್ಡ ನಗರಗಳಿಗೆ ಈ ಲೆಕ್ಕ ಹಾಕುತ್ತೆ. ಕೊಡಬೇಕಾದ್ದರಿಂದ ಕೈಗೆಟಕುವ ಆಸ್ತಿ ಕಳೆದು, ತೆರಿಗೆದಾರರ ಸಂಖ್ಯೆಯಿಂದ ಭಾಗಿಸಿ, ಎ ಇಂದ ಎಫ್ ತನಕ ದರ್ಜೆ ಕೊಡ್ತಾರೆ. ಒಬ್ಬೊಬ್ಬರ ಮೇಲೆ 20,000 ಡಾಲರಿಗಿಂತ ಹೆಚ್ಚು ಹೊರೆ ಬಿದ್ದರೆ ಎಫ್. ಅಲ್ಲಿನ ದೊಡ್ಡ ಗಂಟು ಪಿಂಚಣಿ ಮತ್ತು ನಿವೃತ್ತರ ಆರೋಗ್ಯ ವೆಚ್ಚ. ಪಿಂಚಣಿಯ ಪೂರ್ತಿ ಕೊರತೆಯನ್ನು ತಃಖ್ತೆಯಲ್ಲೇ ತೋರಿಸಬೇಕು ಅನ್ನೋ ಲೆಕ್ಕಪತ್ರ ನಿಯಮ ಅಲ್ಲಿ ಜಾರಿಗೆ ಬಂದಿದ್ದೇ 2014-15ರ ಹೊತ್ತಿಗೆ. ಅಲ್ಲಿ ತನಕ ಮುಚ್ಚಿಟ್ಟಂತೇ ಇತ್ತು.

ಡೆಟ್ರಾಯಿಟ್ 2013ರ ಜುಲೈ 18ರಂದು ಸುಮಾರು 18 ಶತಕೋಟಿ ಡಾಲರ್ ಹೊಣೆಯೊಂದಿಗೆ ದಿವಾಳಿ ಅರ್ಜಿ ಹಾಕಿತು. ಕೊನೆಗೆ ಸಾಮಾನ್ಯ ನಿವೃತ್ತ ನೌಕರರ ಪಿಂಚಣಿಯಲ್ಲಿ 4.5% ಕಡಿತ, ಮೇಲೆ ತುಟ್ಟಿಭತ್ಯೆಯಂಥ ವಾರ್ಷಿಕ ಏರಿಕೆಯೂ ರದ್ದು. ನಮ್ಮಲ್ಲಿ ನಗರಸಭೆಗೆ ದಿವಾಳಿ ಕಾನೂನು ಅನ್ವಯಿಸಲ್ಲ. ಹಾಗಂತ ನಾವು ಸುರಕ್ಷಿತ ಅಂತಲ್ಲ. ಅಲ್ಲಿ ಕೋರ್ಟಿನಲ್ಲಿ ಒಂದೇ ದಿನ ಕಾಣುವ ಪೆಟ್ಟು ಇಲ್ಲಿ ಹತ್ತು ವರ್ಷ ಹರಡಿಕೊಂಡು ಬೀಳುತ್ತೆ: ನೀರು ಎರಡು ದಿನಕ್ಕೊಮ್ಮೆ ಇದ್ದದ್ದು ನಾಲ್ಕು ದಿನಕ್ಕೆ ಹೋಗುತ್ತೆ, ಟೆಂಡರಿಗೆ ಯಾರೂ ಬರಲ್ಲ, ಬಂದವರು ತಡವಾಗಿ ಸಿಗುವ ಹಣಕ್ಕೆ ಸೇರಿಸಿಯೇ ದರ ಹಾಕ್ತಾರೆ.

ನಮ್ಮಲ್ಲಿ 2006ರ ಏಪ್ರಿಲ್ 1ರಿಂದ ಸೇರಿದ ನೌಕರರು ವಂತಿಗೆ ಆಧಾರಿತ ಪಿಂಚಣಿ ಪದ್ಧತಿಯಾದ ಎನ್‌ಪಿಎಸ್‌ಗೆ ಬರುತ್ತಾರೆ. ಹಾಗಾಗಿ ನೋಡಬೇಕಾದ್ದು ವಂತಿಗೆ ಸಕಾಲಕ್ಕೆ ಹೋಗಿದೆಯಾ ಅನ್ನೋದು. ಹೊರಗುತ್ತಿಗೆ ಚಾಲಕರು, ಲೋಡರ್‌ಗಳ ಭವಿಷ್ಯ ನಿಧಿ ವಂತಿಗೆ ಇನ್ನೂ ಮುಖ್ಯ. ತಡವಾದರೆ ವರ್ಷಕ್ಕೆ 12% ಬಡ್ಡಿ, ಅದರ ಮೇಲೆ ದಂಡ. ಏಜೆನ್ಸಿ ಕಟ್ಟದಿದ್ದರೆ ಹೊಣೆ ಮೂಲ ಉದ್ಯೋಗದಾತನ ತಲೆಗೆ, ಅಂದರೆ ನಗರಸಭೆಗೇ ಬರುತ್ತೆ.

ಕೋಟೆ ನಿವಾಸಿ

ನನಗೊಂದು ತಕರಾರಿದೆ. 13 ಕೋಟಿ ಬಾಕಿಯನ್ನು 'ಕೈಗೆಟಕುವ ಆಸ್ತಿ' ಅಂತ ಸೇರಿಸಿದ್ರಲ್ಲ, ಅದು ಯಾರ ಹಣ? ತೆರಿಗೆ ಕಟ್ಟದವರದ್ದು. ಬರದಿದ್ದರೆ ಕೊರತೆ 35 ಕೋಟಿ, ಸ್ವತ್ತಿಗೆ 8,750 ರೂ. ಪ್ರತಿ ಏಪ್ರಿಲ್‌ನಲ್ಲಿ ಸರದಿ ನಿಂತು ಕಟ್ಟುವವನ ತಲೆ ಮೇಲೂ ಅದು ಬೀಳುತ್ತೆ. ಎರಡು ಅಂಕಿಯನ್ನೂ ಪಕ್ಕಪಕ್ಕ ಬರೆಯೋದು ನ್ಯಾಯ.

ಜಮಾಖರ್ಚು

ಒಪ್ಪಿದೆ, ಎರಡನ್ನೂ ಬರೆಯೋಣ. ಇನ್ನೊಂದು ಸೇರಿಸ್ತೀನಿ. ಕೈಪಿಡಿಯ ಪ್ರಕಾರ ಆಸ್ತಿ ತೆರಿಗೆ ಬಾಕಿ 2 ವರ್ಷ ದಾಟಿದರೆ 25%, 3 ದಾಟಿದರೆ 50%, 4 ದಾಟಿದರೆ 75%, 5 ದಾಟಿದರೆ ಪೂರ್ತಿ ಸಂಶಯಾಸ್ಪದ ಅಂತ ತೋರಿಸಬೇಕು. 432ರಲ್ಲಿ ಸೊನ್ನೆ ಇದ್ದು 431 ಮಾತ್ರ ವರ್ಷ ವರ್ಷ ಉಬ್ಬುತ್ತಿದ್ದರೆ ಆ ತಃಖ್ತೆಯ ಆಸ್ತಿ ಊದಿಸಿದ್ದು ಅಂತಲೇ ತಿಳೀಬೇಕು.

ಡಿಸಿಬಿ

ಆಸ್ತಿ ತೆರಿಗೆ ವಿಷಯ ಬಂದಿದ್ದರಿಂದ ಬರೀತಿದ್ದೀನಿ. 'ಬೇಡಿಕೆ-ವಸೂಲಿ-ಬಾಕಿ' ತಃಖ್ತೆಯನ್ನು ಕಂದಾಯ ಶಾಖೆಯವರು ಡಿಸಿಬಿ ಅಂತಾರೆ. ಅದನ್ನು ಓದುವಾಗ ಚಾಲ್ತಿ ಬೇಡಿಕೆ, ಹಿಂಬಾಕಿ ಬೇರೆ ಬೇರೆ ನೋಡಿ. 'ಶೇ. 85 ವಸೂಲಿ' ಅಂತ ಹೇಳಿದರೆ ಯಾವುದರ ಶೇ. 85 ಅಂತ ಕೇಳಿ. ಹಿಂಬಾಕಿ ಸೇರಿಸಿದ ಒಟ್ಟು ಬೇಡಿಕೆಯ ಮೇಲೆ ಲೆಕ್ಕ ಹಾಕಿದರೆ ಅದೇ ಅಂಕಿ ಬಹಳ ಕೆಳಗಿಳಿಯಬಹುದು.

ಈಗಿನ ಪದ್ಧತಿಯಲ್ಲಿ ಮಾರ್ಗಸೂಚಿ ಬೆಲೆಯ (ಸ್ವತ್ತಿನ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಬೆಲೆ) 25% ಮೇಲೆ ತೆರಿಗೆ. ವಾಸದ ಮನೆಗೆ 0.2ರಿಂದ 1.5%, ವಾಣಿಜ್ಯಕ್ಕೆ 0.5ರಿಂದ 3%, ಖಾಲಿ ನಿವೇಶನಕ್ಕೆ 0.2ರಿಂದ 0.5%. ಈ ಮಿತಿಯೊಳಗೆ ದರ ನಿಗದಿ ಮಾಡೋದು ಸಭೆಯ ನಿರ್ಣಯ. ಜಾಗ, ಕಟ್ಟಡ ಸೇರಿ ಮಾರ್ಗಸೂಚಿ ಬೆಲೆ 30 ಲಕ್ಷ ಇರೋ ಮನೆ ಅಂದುಕೊಳ್ಳಿ. 25% ಅಂದರೆ 7.5 ಲಕ್ಷ. ದರ 0.5% ಇದ್ದರೆ ತೆರಿಗೆ 3,750 ರೂ. ಇದರ ಮೇಲೆ ಆರೋಗ್ಯ ಕರ 15%, ಗ್ರಂಥಾಲಯ ಕರ 6%, ಭಿಕ್ಷುಕರ ಕರ 3%, ನಗರ ಸಾರಿಗೆ ಕರ 2%, ಒಟ್ಟು 975 ರೂ. ಘನತ್ಯಾಜ್ಯ ಶುಲ್ಕ ಬೇರೆ. ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ, ಜೂನ್ ಮುಗಿದ ಮೇಲೆ ತಿಂಗಳಿಗೆ 2% ದಂಡ. ಮಾರ್ಚ್ ತನಕ ಬಿಟ್ಟರೆ 18%, ಅಂದರೆ 675 ರೂ. ಬ್ಯಾಂಕ್ ಠೇವಣಿಯಲ್ಲಿ ಇಷ್ಟು ಬಡ್ಡಿ ಎಲ್ಲೂ ಸಿಗಲ್ಲ. ಹಾಗಾಗಿ 'ಆಮೇಲೆ ಕಟ್ಟೋಣ' ಅನ್ನೋದು ಮನೆಯವರಿಗೂ ನಷ್ಟವೇ.

ಈಗ ಹೊರೆಯ ವಿಷಯ. ಆ 975 ರೂ. ನಗರಸಭೆಯದ್ದಲ್ಲ. ಗ್ರಂಥಾಲಯ ಕರ ಗ್ರಂಥಾಲಯ ಇಲಾಖೆಗೆ, ಭಿಕ್ಷುಕರ ಕರ ಪರಿಹಾರ ಸಮಿತಿಗೆ, ಹೀಗೆ ಹೋಗಬೇಕು. ವಸೂಲಿ ಖರ್ಚು ಅಂತ 10% ಮಾತ್ರ ಉಳಿಸಿಕೊಳ್ಳಬಹುದು. ಕೈಯಲ್ಲಿ ನಗದಿಲ್ಲದ ತಿಂಗಳು ಈ ಹಣದಿಂದ ಟ್ರ್ಯಾಕ್ಟರ್ ಬಾಡಿಗೆ, ಡೀಸೆಲ್ ಬಿಲ್ ಕೊಟ್ಟರೆ ಅದು ಹೊಣೆಯಾಗಿ ಗಟ್ಟಿಯಾಗುತ್ತೆ. ರಾಜ್ಯದ ಲೆಕ್ಕ ಪರಿಶೋಧನಾ ವರದಿಗಳಲ್ಲಿ ಪದೇ ಪದೇ ಬರುವ ಆಕ್ಷೇಪಣೆಗಳಲ್ಲಿ ಇದೂ ಒಂದು. ಕಾಮಗಾರಿ ಬಿಲ್ಲಿನಿಂದ ಹಿಡಿಯುವ 1% ಕಾರ್ಮಿಕ ಕಲ್ಯಾಣ ಉಪಕರ, ಆದಾಯ ತೆರಿಗೆ, ಜಿಎಸ್‌ಟಿ ಟಿಡಿಎಸ್ 2%, ರಾಜಧನ, ಇವೆಲ್ಲ ಸಹ ಹಿಡಿದ ತಿಂಗಳೋ ಮರು ತಿಂಗಳೋ ಹೋಗಬೇಕಾದ ಹಣ. 350ರ ಒಳಗಿನ 'ವಸೂಲಿಗಳು ಪಾವತಿಸಬೇಕಾದ್ದು' ಅನ್ನೋ ಸಾಲು ದೊಡ್ಡದಿದ್ದರೆ ಯಾರದ್ದೋ ದುಡ್ಡಲ್ಲಿ ಊರು ನಡೀತಿದೆ ಅಂತ ಅರ್ಥ.

ಹೌಸಿಂಗ್ ಬೋರ್ಡ್ ಮೇಡಂ

ಮಳಿಗೆ ಬಾಡಿಗೆ ಬಗ್ಗೆ ಹೇಳಿ ಸರ್. ಐ.ಜಿ. ರಸ್ತೆ ಥರದ ಜಾಗದಲ್ಲಿ ಖಾಸಗಿ ಅಂಗಡಿ ಬಾಡಿಗೆ ಎಲ್ಲಿಗೋ ಹೋಗಿದೆ. ಸಾರ್ವಜನಿಕ ಮಳಿಗೆಗಳಿಂದ ಆದಾಯ ಅದೇ ಪ್ರಮಾಣದಲ್ಲಿ ಯಾಕೆ ಏರಲ್ಲ?

ಡಿಸಿಬಿ

ಮೇಡಂ, ಮಳಿಗೆ ಗುತ್ತಿಗೆ ಸಾಮಾನ್ಯವಾಗಿ 12 ವರ್ಷ. ಅವಧಿ ಮುಗಿದ ಮೇಲೆ ಹರಾಜು ಆಗಬೇಕು. ಅವಧಿ ಮುಗಿಯೋ ಹೊತ್ತಿಗೆ ಹಳೇ ಬಾಡಿಗೆದಾರರು ತಡೆಯಾಜ್ಞೆ ತಂದರೆ ಹಳೇ ದರದಲ್ಲೇ ವರ್ಷಗಟ್ಟಲೆ ಮುಂದುವರಿಯುತ್ತೆ. ಒಳಬಾಡಿಗೆ ಇದ್ದರೆ ಮಾರುಕಟ್ಟೆ ದರಕ್ಕೂ ನಗರಸಭೆಗೆ ಬರೋದಕ್ಕೂ ನಡುವಿನ ವ್ಯತ್ಯಾಸ ಮೂರನೆಯವರ ಜೇಬಿಗೆ. ಮಾಡಬೇಕಾದ ಕೆಲಸ ಇಷ್ಟೇ: ಮಳಿಗೆವಾರು ಪಟ್ಟಿ ತಗೊಳ್ಳಿ, ಗುತ್ತಿಗೆ ಮುಗಿಯೋ ದಿನಾಂಕ, ತಿಂಗಳ ಬಾಡಿಗೆ, ಬಾಕಿ, ಕೋರ್ಟ್ ಪ್ರಕರಣದ ಸಂಖ್ಯೆ. ಮುಗಿಯೋಕೆ 6 ತಿಂಗಳು ಇರುವಾಗಲೇ ಹರಾಜು ಪ್ರಕ್ರಿಯೆ ಶುರುವಾಗದಿದ್ದರೆ ಅಲ್ಲೇ ಸೋರಿಕೆ. ಬಾಡಿಗೆ ಮೇಲೆ 18% ಜಿಎಸ್‌ಟಿ ಇದೆ. ನೋಂದಣಿ ಇರುವ ವ್ಯಾಪಾರಿಯಾದರೆ ಅವರೇ ಹಿಮ್ಮುಖವಾಗಿ, ಅಂದರೆ ನಗರಸಭೆಯ ಬದಲು ತಾವೇ ನೇರ ಸರ್ಕಾರಕ್ಕೆ, ಕಟ್ಟಬೇಕು, ಇಲ್ಲದವರಿಂದ ಹಿಡಿದು ನಗರಸಭೆ ಕಟ್ಟಬೇಕು. ಹಿಡಿಯದೇ ಬಿಟ್ಟರೂ ತೆರಿಗೆ ಇಲಾಖೆ ನಗರಸಭೆಯನ್ನೇ ಕೇಳುತ್ತೆ.

ಪಂಪ್‌ಹೌಸ್

ನೀವೆಲ್ಲ ಆದಾಯದ ಕಡೆ ಇದ್ದೀರಿ. ನಮ್ಮಂಥ ಎತ್ತರದ ಊರಿನ ಸಾಲ ಹುಟ್ಟೋದು ಪಂಪಿನ ಹತ್ತಿರ. ಹಿರೇಕೊಳಲೆ ಕೆರೆ ಇದ್ದರೂ ಊರು ನಿಂತಿರೋದು ಮುಖ್ಯವಾಗಿ ಯಗಚಿ ಮೇಲೆ. ಬೇಲೂರು ಕಡೆಯಿಂದ ನೀರು ಏರಿ ಬರಬೇಕು.

ಒಂದು ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಎತ್ತೋಕೆ ಶಾಸ್ತ್ರದ ಪ್ರಕಾರ 0.0027 ಯೂನಿಟ್ ಸಾಕು. ಪಂಪು, ಮೋಟರ್ ಸೇರಿ 65% ದಕ್ಷತೆ ಅಂತ ಹಿಡಿದರೆ 0.0042. ಅಂದರೆ 100 ಮೀಟರ್ ಎತ್ತೋಕೆ 0.42 ಯೂನಿಟ್. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 1,18,401. ಲೆಕ್ಕಕ್ಕೆ 1.2 ಲಕ್ಷ ಅನ್ನೋಣ. ತಲೆಗೆ ದಿನಕ್ಕೆ 135 ಲೀಟರ್ ಮಾನದಂಡದಂತೆ ದಿನಕ್ಕೆ 1.62 ಕೋಟಿ ಲೀಟರ್. ಪ್ರತಿ 100 ಮೀಟರ್ ಎತ್ತರಕ್ಕೆ ದಿನಕ್ಕೆ ಸುಮಾರು 6,800 ಯೂನಿಟ್, ವರ್ಷಕ್ಕೆ 24.8 ಲಕ್ಷ ಯೂನಿಟ್. ಯೂನಿಟಿಗೆ 6 ರೂ. ಅಂತ ಇಟ್ಟರೂ 1.49 ಕೋಟಿ. ಪೈಪಿನ ಘರ್ಷಣೆಗೆ ಬೇಕಾಗುವ ಎತ್ತರ ಬೇರೆ ಸೇರಿಸಬೇಕು. ಕೊಳವೆ ಒಳಗೆ ಪಾಚಿ, ತುಕ್ಕು ಕಟ್ಟಿದಷ್ಟೂ ಅದು ಏರುತ್ತೆ.

ಈಗ ಸೋರಿಕೆ ಸೇರಿಸಿ. ಸಾವಿರ ಲೀಟರಿಗೆ ಕರೆಂಟ್ 2.52 ರೂ. 40% ನೀರು ಲೆಕ್ಕಕ್ಕೆ ಸಿಗದೆ ಹೋದರೆ ಮನೆ ತಲುಪಿದ ಸಾವಿರ ಲೀಟರಿಗೆ 4.20 ರೂ. ನಾಲ್ಕು ಜನರ ಮನೆಗೆ ತಿಂಗಳಿಗೆ 16,200 ಲೀಟರ್, ಹಾಗಾಗಿ 68 ರೂ. ಬರೀ ಕರೆಂಟಿಗೆ, ಅದೂ 100 ಮೀಟರಿಗೆ ಮಾತ್ರ. ಆಲಂ, ಕ್ಲೋರಿನ್, ನೀರುಗಂಟಿಗಳ ಸಂಬಳ, ರಿಪೇರಿ ಇನ್ನೂ ಸೇರಿಲ್ಲ. ಕೇಂದ್ರದ ಸೇವಾ ಮಾನದಂಡ ಸೋರಿಕೆ 20%ಕ್ಕೆ ಇಳೀಬೇಕು, ನೀರಿನ ಖರ್ಚು 100% ನೀರಿನ ಶುಲ್ಕದಿಂದಲೇ ಬರಬೇಕು, ವಸೂಲಿ 90% ಇರಬೇಕು ಅನ್ನುತ್ತೆ. ಈ ಮೂರೂ ಅಂಕಿ ನಿಮ್ಮ ಊರಿಗೆ ಎಷ್ಟು ಅಂತ ಕೇಳಿ ಬರೆದಿಡಿ. ಸಾಲ ಯಾಕೆ ಬೆಳೀತಿದೆ ಅನ್ನೋದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಕರೆಂಟ್ ಬಿಲ್ಲಿನಲ್ಲಿ ಕಡಿಮೆ ಮಾಡಬಹುದಾದ್ದನ್ನೂ ಹೇಳ್ತೀನಿ. ಬತ್ತಿಹೋದ ಕೊಳವೆಬಾವಿಯ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ರದ್ದು ಮಾಡಿಸದೇ ಇದ್ದರೆ ಮಂಜೂರಾದ ಅಶ್ವಶಕ್ತಿಗೆ ತಿಂಗಳು ತಿಂಗಳು ನಿಗದಿತ ಶುಲ್ಕ ಬರ್ತಾನೇ ಇರುತ್ತೆ. ವಾರ್ಡುವಾರು ಆರ್.ಆರ್. ಪಟ್ಟಿ ಹಿಡಿದು ಒಂದೊಂದು ಜಾಗಕ್ಕೂ ಹೋಗಿ ನೋಡಿ ಬರಬೇಕು, ಎರಡು ವಾರದ ಕೆಲಸ. ಮೀಟರ್ ಕೆಟ್ಟ ಬೀದಿದೀಪದ ಸ್ಥಾವರಕ್ಕೆ (ವಿದ್ಯುತ್ ಸಂಪರ್ಕಕ್ಕೆ) ಅಂದಾಜು ಬಿಲ್ ಬರುತ್ತೆ. ಹಳೇ ಸೋಡಿಯಂ ದೀಪ ತೆಗೆದು ಎಲ್ಇಡಿ ಹಾಕಿದ ಮೇಲೂ ಹಳೇ ಹೊರೆಯ ಮೇಲೇ ಅಂದಾಜು ನಡೆದರೆ ಉಳಿತಾಯ ಎಲ್ಲೂ ಕಾಣಲ್ಲ. ಕೆಪಾಸಿಟರ್ ಸುಟ್ಟು ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಕೆಲಸಕ್ಕೆ ಬಂತು ಅನ್ನೋ ಅಳತೆ) ಬಿದ್ದರೆ ದಂಡ ಪ್ರತ್ಯೇಕ ಸಾಲಿನಲ್ಲಿ ಬರುತ್ತೆ. ಆ ಸಾಲು ಸತತ ಎರಡು ತಿಂಗಳು ಕಂಡರೆ ಪಂಪ್‌ಹೌಸ್ ಕಡೆ ಯಾರೂ ತಿರುಗಿ ನೋಡಿಲ್ಲ ಅಂತ ಗೊತ್ತಾಗುತ್ತೆ. ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆದರೆ ಕರೆಂಟ್ ಅಷ್ಟೇ ಎಳೆಯುತ್ತೆ, ನೀರು ಕಡಿಮೆ ಬರುತ್ತೆ. ಯೂನಿಟ್ ಅನ್ನು ಪಂಪಾದ ನೀರಿನಿಂದ ಭಾಗಿಸಿ ತಿಂಗಳು ತಿಂಗಳು ಗೋಡೆ ಮೇಲೆ ಬರೆದರೆ ಸವೆತ ತಾನಾಗೇ ಕಾಣುತ್ತೆ.

ಕೋಟೆ ನಿವಾಸಿ

ಕರೆಂಟ್ ಬಿಲ್ ಸರ್ಕಾರವೇ ಕಟ್ಟುತ್ತೆ ಅಂತಾರಲ್ಲ? ಆಗ ನಮ್ಮ ತಲೆ ಮೇಲೆ ಹೇಗೆ ಬರುತ್ತೆ?

ಪಂಪ್‌ಹೌಸ್

ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವಿದ್ಯುತ್ ಅನುದಾನ ಅಂತ ಒಂದು ಭಾಗ ಇದೆ. ಅದು ನೇರ ಮೆಸ್ಕಾಂಗೆ ಹೋಗುತ್ತೆ (ಹಾಸನದವರಿಗೆ ಸೆಸ್ಕ್). ಬಿಲ್ ಆ ಅನುದಾನಕ್ಕಿಂತ ಹೆಚ್ಚಾದರೆ ಮೇಲಿನದ್ದು ಬಾಕಿಯಾಗಿ ನಿಲ್ಲುತ್ತೆ, ಬಾಕಿಗೆ ತಿಂಗಳಿಗೆ 1% ಬಡ್ಡಿ. ಹಾಗಾಗಿ 'ಸರ್ಕಾರ ಕಟ್ಟುತ್ತೆ' ಅಂತ ಸುಮ್ಮನಿದ್ದ ಊರಿಗೂ ಕೆಲವು ವರ್ಷದಲ್ಲಿ ದೊಡ್ಡ ಮೊತ್ತ ಕಾಣಿಸಿಕೊಳ್ಳುತ್ತೆ. ಮೆಸ್ಕಾಂ ಪುಸ್ತಕದ ಬಾಕಿಗೂ ನಗರಸಭೆ ಪುಸ್ತಕದ ಬಾಕಿಗೂ ತಾಳೆಯಾಗೋದೇ ಅಪರೂಪ. ವರ್ಷಕ್ಕೊಮ್ಮೆ ಇಬ್ಬರೂ ಕೂತು ಸ್ಥಾವರವಾರು ಹೊಂದಾಣಿಕೆ ಮಾಡಿ ಸಹಿ ಹಾಕಿದ ಪಟ್ಟಿ ಇದೆಯಾ ಅಂತ ಕೇಳಬೇಕು.

ಕಂತು ಲೆಕ್ಕ

ನಿಜವಾದ ಸಾಲದ ಬಗ್ಗೆಯೂ ಸ್ವಲ್ಪ ಹೇಳಬೇಕು. ನಗರಸಭೆ ತನ್ನಿಷ್ಟಕ್ಕೆ ಸಾಲ ಮಾಡುವಂತಿಲ್ಲ, ಸರ್ಕಾರದ ಅನುಮತಿ ಬೇಕು. 1914ರ ಸ್ಥಳೀಯ ಪ್ರಾಧಿಕಾರಗಳ ಸಾಲ ಕಾಯ್ದೆ ಇನ್ನೂ ಇದಕ್ಕೆ ಆಧಾರ. ಹಿಂದೆ ಎಲ್ಐಸಿ, ಹುಡ್ಕೊ ಸಾಲ ಇರುತ್ತಿದ್ದವು. 1993ರಲ್ಲಿ ಹುಟ್ಟಿದ ನಗರ ಮೂಲಸೌಕರ್ಯ ಹಣಕಾಸು ನಿಗಮ, ಅಂದರೆ ಕೆಯುಐಡಿಎಫ್‌ಸಿ, ಈಗ ನಡುವೆ ನಿಲ್ಲುತ್ತೆ. ಕಂತು ತಪ್ಪಿದರೆ ಅನುದಾನದ ಮೂಲದಲ್ಲೇ ಕಡಿತ. ಸಾಲ ಕೊಟ್ಟವರಿಗೆ ಭಯವಿಲ್ಲ, ಆದರೆ ಕಡಿತವಾದ ತಿಂಗಳು ಊರಿನ ಚರಂಡಿ ಕೆಲಸ ನಿಲ್ಲುತ್ತೆ.

20 ಕೋಟಿ, 9% ಬಡ್ಡಿ, 20 ವರ್ಷ, ವರ್ಷಕ್ಕೊಂದು ಸಮಾನ ಕಂತು ಅಂದರೆ 2.19 ಕೋಟಿ. ಒಟ್ಟು ಕಟ್ಟೋದು 43.8 ಕೋಟಿ. 'ಮೊದಲ 2 ವರ್ಷ ಕಂತು ಬೇಡ' ಅಂದಾಗ ಸಭೆಯಲ್ಲಿ ಎಲ್ಲರಿಗೂ ಖುಷಿ. ಆ ಎರಡು ವರ್ಷದ ಬಡ್ಡಿ ಅಸಲಿಗೆ ಸೇರಿದರೆ 23.76 ಕೋಟಿ ಆಗುತ್ತೆ, ಉಳಿದ 18 ವರ್ಷ ತಲಾ 2.71 ಕೋಟಿ, ಒಟ್ಟು 48.8 ಕೋಟಿ. ಜಮಾಖರ್ಚು ಸರ್ ಹೇಳಿದ 40,000 ಸ್ವತ್ತಿಗೆ ಹಂಚಿದರೆ ವರ್ಷಕ್ಕೆ 547 ರೂ. ಇದ್ದದ್ದು 678 ರೂ. ನಿರ್ಣಯದ ಟಿಪ್ಪಣಿಯಲ್ಲಿ ಕಂತಿನ ಪಟ್ಟಿ ಲಗತ್ತಿಸದೇ ಕೈ ಎತ್ತಬಾರದು.

ಇನ್ನೊಂದು: ಸಾಲದ ಆಯುಷ್ಯ ವಸ್ತುವಿನ ಆಯುಷ್ಯಕ್ಕಿಂತ ಉದ್ದ ಇರಬಾರದು. ನೀರಿನ ಕೊಳವೆ ಮಾರ್ಗವನ್ನು 30 ವರ್ಷಕ್ಕೆ, ಪಂಪು ಯಂತ್ರವನ್ನು 15 ವರ್ಷಕ್ಕೆ ವಿನ್ಯಾಸ ಮಾಡ್ತಾರೆ. ಪಂಪಿಗೆ 20 ವರ್ಷದ ಸಾಲ ಮಾಡಿದರೆ ಹಳೇ ಪಂಪಿನ ಕಂತು ಕಟ್ಟುತ್ತಲೇ ಹೊಸ ಪಂಪು ಕೊಳ್ಳಬೇಕು.

ಯೋಜನೆಗಳಲ್ಲಿ ನಗರಸಭೆ ವಂತಿಗೆಯನ್ನೂ ನೋಡಿ. ಕೇಂದ್ರದ ನಗರ ಮೂಲಸೌಕರ್ಯ ಯೋಜನೆಯಾದ 2015ರ ಅಮೃತ್‌ನಲ್ಲಿ ಚಿಕ್ಕಮಗಳೂರು, ಹಾಸನ ಎರಡೂ ಇದ್ದವು. ಆಗ 10 ಲಕ್ಷದೊಳಗಿನ ನಗರಗಳಿಗೆ ಕೇಂದ್ರದ ಪಾಲು ಅರ್ಧ. 2021ರ ಅಮೃತ್ 2.0ರಲ್ಲಿ 1ರಿಂದ 10 ಲಕ್ಷ ಜನಸಂಖ್ಯೆಯ ನಗರಕ್ಕೆ ಮೂರನೇ ಒಂದು. ಉಳಿದದ್ದು ರಾಜ್ಯ ಮತ್ತು ನಗರಸಭೆ. ಅಂದರೆ ಒಂದೇ ಬಗೆಯ ಕೆಲಸಕ್ಕೆ ರಾಜ್ಯ ಮತ್ತು ಸ್ಥಳೀಯರು ಸೇರಿ ಹೊಂದಿಸಬೇಕಾದ ಭಾಗ ಬೆಳೆದಿದೆ. ನಿರ್ವಹಣಾ ಖರ್ಚಂತೂ ಮೊದಲಿಂದಲೂ ಪೂರ್ತಿ ನಮ್ಮದೇ.

ಬಸವನಹಳ್ಳಿ ಓದುಗ

ಬಾಂಡ್ (ಹೂಡಿಕೆದಾರರಿಂದ ಸಾಲ ಎತ್ತುವ ಪತ್ರ) ಹೊರಡಿಸಬಹುದು ಅಂತ ಕೆಲವರು ಹೇಳ್ತಾರಲ್ಲ ಸರ್?

ಕಂತು ಲೆಕ್ಕ

ನಮ್ಮ ಗಾತ್ರದ ಊರು ಒಂಟಿಯಾಗಿ ಹೋಗೋದು ಕಷ್ಟ. ಬೆಂಗಳೂರು 1997ರಲ್ಲಿ ಸರ್ಕಾರದ ಖಾತರಿಯೊಂದಿಗೆ 125 ಕೋಟಿ, ಅಹಮದಾಬಾದ್ 1998ರಲ್ಲಿ ಖಾತರಿ ಇಲ್ಲದೇ 100 ಕೋಟಿ ಎತ್ತಿದವು. ಷೇರು, ಬಾಂಡ್ ಮಾರುಕಟ್ಟೆಯ ನಿಯಂತ್ರಕ ಸೆಬಿ 2015ರಲ್ಲಿ ತಂದ ನಿಯಮಗಳಲ್ಲಿ ಹಿಂದಿನ 3 ವರ್ಷ ನಿವ್ವಳ ಮೌಲ್ಯ ಋಣಾತ್ಮಕ ಇರಬಾರದು, ಸಾಲದ ಕಂತು ತಪ್ಪಿರಬಾರದು ಅಂತಿತ್ತು. ಸಣ್ಣ ಊರುಗಳಿಗೆ ಹಲವು ಊರು ಸೇರಿ ಎತ್ತುವ ಒಟ್ಟುಗೂಡಿದ ನಿಧಿಯೇ ದಾರಿ. ಬೆಂಗಳೂರು ಸುತ್ತಲಿನ 8 ಸ್ಥಳೀಯ ಸಂಸ್ಥೆಗಳು ಸೇರಿ 2005ರಲ್ಲಿ 100 ಕೋಟಿ ಎತ್ತಿದ್ದು ಅದೇ ರೀತಿ. ಅದಕ್ಕೂ ಮೊದಲು ನೀರಿನ ಶುಲ್ಕ ಸರಿಯಾಗಿ ವಸೂಲಾಗಬೇಕು, ಯಾಕೆಂದರೆ ಹೂಡಿಕೆದಾರ ನೋಡೋದು ಅದನ್ನೇ.

ಹಾಸನ ಹೇಮಾವತಿ

ಹಾಸನದ ಕಡೆಯಿಂದ ಒಂದು ಪ್ರಶ್ನೆ. ಸುತ್ತಲ ಹಳ್ಳಿ, ಹೊಸ ಬಡಾವಣೆಗಳನ್ನು ಸೇರಿಸಿಕೊಂಡರೆ ತೆರಿಗೆ ಹೆಚ್ಚುತ್ತೆ, ಸಾಲ ಹಗುರ ಆಗುತ್ತೆ ಅನ್ನೋ ವಾದ ಇದೆ. ಸರಿನಾ?

ಡಿಸಿಬಿ

ಮೊದಲ ಕೆಲವು ವರ್ಷ ಬಹುತೇಕ ತದ್ವಿರುದ್ಧ. 200 ನಿವೇಶನದ ಬಡಾವಣೆ, ಎಲ್ಲ ಖಾಲಿ, ಒಂದೊಂದರ ಮಾರ್ಗಸೂಚಿ ಬೆಲೆ 12 ಲಕ್ಷ ಅಂದುಕೊಳ್ಳಿ. 25% ಅಂದರೆ 3 ಲಕ್ಷ, 0.2%ರಂತೆ 600 ರೂ. ಒಟ್ಟು 1.2 ಲಕ್ಷ. ಅದೇ ಬಡಾವಣೆಯಲ್ಲಿ 90 ವ್ಯಾಟಿನ 100 ದೀಪ ದಿನಕ್ಕೆ 11 ಗಂಟೆ ಉರಿದರೆ ವರ್ಷಕ್ಕೆ 36,135 ಯೂನಿಟ್. ಯೂನಿಟಿಗೆ 7 ರೂ. ಅಂದರೆ 2.53 ಲಕ್ಷ. ದೀಪವೇ ತೆರಿಗೆಯ ಎರಡು ಪಟ್ಟು ತಿನ್ನುತ್ತೆ. ಕಸದ ಆಟೋ, ಚರಂಡಿ ಹೂಳು ಆಮೇಲೆ.

ಹಾಗಾಗಿ ಬಡಾವಣೆ ಹಸ್ತಾಂತರದ ಹೊತ್ತು ನಿರ್ಣಾಯಕ. ಒಳಚರಂಡಿ ಮುಖ್ಯ ಮಾರ್ಗಕ್ಕೆ ಸೇರಿದೆಯಾ, ನೀರಿನ ಟ್ಯಾಂಕ್ ಇದೆಯಾ, ದೀಪದ ಬಾಕಿ ಬಿಲ್ ತೀರಿದೆಯಾ, ಉದ್ಯಾನದ ಜಾಗಕ್ಕೆ ದಾಖಲೆ ಇದೆಯಾ ಅಂತ ನೋಡದೇ ಸಹಿ ಹಾಕಿದರೆ ಅಭಿವೃದ್ಧಿದಾರ ಉಳಿಸಿದ ಹಣ ಊರಿನ ಮೇಲೆ ಬೀಳುತ್ತೆ. ಗ್ರಾಮ ಪಂಚಾಯಿತಿ ಸೇರುವಾಗ ಅದರ ಕರೆಂಟ್ ಬಾಕಿಯೂ ಜೊತೆಗೇ ಬರುತ್ತೆ. ಸೇರ್ಪಡೆಯ ದಿನದ ಆಸ್ತಿ-ಹೊಣೆ ಪಟ್ಟಿ ಬರೆಸಿಕೊಳ್ಳಿ.

ಬಿ ಖಾತಾ ನೀಡಿ ಅನಧಿಕೃತ ಸ್ವತ್ತುಗಳನ್ನು ಪಟ್ಟಿಗೆ ತರೋದು ಮಾತ್ರ ನಿಜವಾಗಿ ಲಾಭದ ಕೆಲಸ. ಅಲ್ಲಿ ಜನ ಆಗಲೇ ವಾಸ ಇದ್ದಾರೆ, ದೀಪ ಆಗಲೇ ಉರೀತಿದೆ. ಖರ್ಚು ನಡೆದೇ ಇದೆ, ಆದಾಯ ಮಾತ್ರ ಹೊಸದು.

ಹೌಸಿಂಗ್ ಬೋರ್ಡ್ ಮೇಡಂ

ನಮ್ಮೂರಿಗೆ ಇನ್ನೊಂದು ವಿಶೇಷ ಇದೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹೋಗುವ ಪ್ರವಾಸಿಗರ ವಾಹನ, ಕಸ, ನೀರಿನ ಬೇಡಿಕೆ ಊರಿನ ಮೇಲೆ. ಅವರು ತಂಗುವ ಹೋಂಸ್ಟೇಗಳು ಹೆಚ್ಚಿನವು ಎಸ್ಟೇಟ್ ಕಡೆ, ಪಂಚಾಯಿತಿ ವ್ಯಾಪ್ತಿಯಲ್ಲಿ. ಸ್ವತ್ತಿನಿಂದ ಭಾಗಿಸಿದ ಹೊರೆ ಸರಿಯಾದ ಚಿತ್ರ ಕೊಡುತ್ತಾ?

ಜಮಾಖರ್ಚು

ಪೂರ್ತಿ ಕೊಡಲ್ಲ ಮೇಡಂ. ವಾರಾಂತ್ಯದ ಕಸ ಇಂದಾವರ ಘಟಕಕ್ಕೆ ಹೋದಾಗ ಅದರ ತೂಕವನ್ನು ವಾರದ ದಿನದ ತೂಕದೊಂದಿಗೆ ಹೋಲಿಸಿದರೆ ಹೊರಗಿನವರ ಪಾಲು ಅಂದಾಜು ಸಿಗುತ್ತೆ. ತೂಕದ ಸೇತುವೆಯ ದಾಖಲೆ ಕೇಳಿ. ಲಾಡ್ಜ್, ಹೋಟೆಲ್‌ಗಳಿಗೆ ಸಗಟು ಕಸದ ಶುಲ್ಕ, ವಾಹನ ನಿಲುಗಡೆ ಶುಲ್ಕ ಕೂರಿಸೋಕೆ ಆ ಅಂಕಿಯೇ ಆಧಾರ. ಮನೆ ತೆರಿಗೆ ಏರಿಸುವ ಮೊದಲು ಈ ಕೆಲಸ ಆಗಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಕೋಟೆ ನಿವಾಸಿ

ಆನ್‌ಲೈನ್ ತಃಖ್ತೆಯಲ್ಲಿ 350 ಒಂದೇ ಮೊತ್ತವಾಗಿ ಬಂದರೆ ಒಳಗಿನದ್ದು ಹೇಗೆ ಬಿಡಿಸೋದು?

ಡಿಸಿಬಿ

ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಎಲ್ಲವನ್ನೂ ಒಂದೇ ಅರ್ಜಿಗೆ ತುಂಬಿದರೆ ಆ ಕಾರಣಕ್ಕೇ ವಾಪಸ್ ಬರುತ್ತೆ. 10 ರೂ. ಅಂಚೆ ಆದೇಶ, ಪುಟಕ್ಕೆ 2 ರೂ., 30 ದಿನದ ಗಡುವು. ಉತ್ತರ ಬರದಿದ್ದರೆ ನಂತರದ 30 ದಿನದೊಳಗೆ ಮೇಲ್ಮನವಿ.

ನಾಲ್ಕು ಅರ್ಜಿ ಮಾಡಿ. ಒಂದರಲ್ಲಿ 350ರ ಉಪ ಶೀರ್ಷಿಕೆವಾರು ಮಾರ್ಚ್ 31ರ ಶಿಲ್ಕು. ಇನ್ನೊಂದರಲ್ಲಿ ಪಾಸಾಗದೇ ಬಾಕಿ ಇರುವ ಬಿಲ್‌ಗಳ ವಹಿ, ಬಿಲ್ ಸ್ವೀಕರಿಸಿದ ದಿನಾಂಕದ ಸಮೇತ. ಮೂರನೆಯದು ಸಾಲದ ವಹಿಯ ಪ್ರತಿ. ನಾಲ್ಕನೆಯದು ತೀರುವಳಿಯಾಗದ ಲೆಕ್ಕ ಪರಿಶೋಧನಾ ಕಂಡಿಕೆಗಳ (ಆಕ್ಷೇಪಣೆಗಳ) ಪಟ್ಟಿ, ವರ್ಷವಾರು, ಮೊತ್ತದೊಂದಿಗೆ. 'ಯಾಕೆ ಕಟ್ಟಿಲ್ಲ' ಅಂತ ಬರೀಬೇಡಿ, ಕಾರಣ ಕೇಳಿದರೆ 'ಅದು ಮಾಹಿತಿಯ ವ್ಯಾಖ್ಯೆಯಲ್ಲಿ ಬರಲ್ಲ' ಅಂತ ಉತ್ತರ ಬರುತ್ತೆ. 'ದಾಖಲೆಯ ಪ್ರತಿ ಒದಗಿಸಿ' ಅಂತಷ್ಟೇ ಬರೆಯಿರಿ.

ಜಮಾಖರ್ಚು

ಎರಡನೇ ಅರ್ಜಿಯ ಉತ್ತರ ಬಂದ ಮೇಲೆ ಬಾಕಿ ಬಿಲ್‌ಗಳ ಮೊತ್ತವನ್ನು 350ರ ಗುತ್ತಿಗೆದಾರರ ಸಾಲಿನೊಂದಿಗೆ ತಾಳೆ ನೋಡಿ. ವಹಿಯಲ್ಲಿ ಹೆಚ್ಚು, ತಃಖ್ತೆಯಲ್ಲಿ ಕಡಿಮೆ ಇದ್ದರೆ, ಕೆಲಸ ಮುಗಿದರೂ ಅಳತೆ ಪುಸ್ತಕಕ್ಕೆ ಏರದ ಅಥವಾ ಲೆಕ್ಕ ಶಾಖೆಗೆ ಬಾರದ ಬಿಲ್‌ಗಳು ಅಷ್ಟಿವೆ ಅಂತ ಅರ್ಥ. ಆ ವ್ಯತ್ಯಾಸವನ್ನು 46 ಕೋಟಿಯ ಜಾಗದಲ್ಲಿರುವ ನಿಮ್ಮ ಊರಿನ ಅಂಕಿಗೆ ಸೇರಿಸಿ, ಮತ್ತೆ ಸ್ವತ್ತಿನ ಸಂಖ್ಯೆಯಿಂದ ಭಾಗಿಸಿ.